ಏಳೂವರೆ ಸಾವಿರದ ಸಿಇಟಿ ಪ್ಯಾಕೇಜು: ಯಾವ ಕೆಲಸಕ್ಕೆ ಎಷ್ಟು ಕೊಡಬಹುದು

ಮೊದಲೇ ಹೇಳಿಬಿಡುತ್ತೇನೆ. ಮಗಳ ಎಂಜಿನಿಯರಿಂಗ್ ಸೀಟಿಗೆ ಅಂತ ತಗೊಂಡ ಈ ಸಿಇಟಿ (ಪ್ರವೇಶ ಪರೀಕ್ಷೆ) ಪ್ಯಾಕೇಜಿಗೆ ಕೊಟ್ಟ ದುಡ್ಡು ಪೂರ್ತಿ ದಂಡ ಅಲ್ಲ. ಆದರೆ ಯಾವುದನ್ನು ತೋರಿಸಿ ದುಡ್ಡು ಇಸಿದುಕೊಂಡರೋ ಅದು ಕೆಲಸಕ್ಕೆ ಬರಲಿಲ್ಲ. ಬಿಲ್ಲಿನಲ್ಲಿ ಮೂಲೆಗೆ ಸಣ್ಣದಾಗಿ ಬರೆದಿದ್ದ ಕೆಲಸ ಮಾತ್ರ ಕೈ ಹಿಡಿಯಿತು.

ಪ್ಯಾಕೇಜ್ ಮಾರಿದ ಕೌನ್ಸೆಲಿಂಗ್ ಸೆಂಟರಿನ ಹೆಸರು ಬರೆಯುವುದಿಲ್ಲ. ಬಳ್ಳಾರಿಯಲ್ಲಿ ಇಂಥವು ಈಗ ಬೇಕಾದಷ್ಟಿವೆ. ಎಲ್ಲರ ಪಾಂಪ್ಲೆಟ್ಟೂ ಹೆಚ್ಚುಕಡಿಮೆ ಒಂದೇ. ಜನವರಿಯಲ್ಲಿ ಸಿಇಟಿ ಅರ್ಜಿ ತುಂಬುವಾಗಲೇ ಸೇರಿದರೆ 7,500 ರೂಪಾಯಿ, ರ್‍ಯಾಂಕ್ ಬಂದ ಮೇಲೆ ಸೇರಿದರೆ ಇನ್ನೂ ಜಾಸ್ತಿ. ಅದರಲ್ಲಿ ಐದು ಬಾಬತ್ತು: ಅರ್ಜಿ ಮತ್ತು ದಾಖಲೆ ನೋಡಿಕೊಡುವುದು, ರ್‍ಯಾಂಕ್ ಅಂದಾಜು, ಕಾಲೇಜ್ ಪ್ರಿಡಿಕ್ಟರ್, ಬೆಂಗಳೂರಿನ ಸೀನಿಯರ್ ಕೌನ್ಸೆಲರ್ ಜೊತೆ ವಿಡಿಯೋ ಕಾಲ್, ಕೊನೆಗೆ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ಪಟ್ಟಿ ಮಾಡಿ ಹಾಕುವುದು. ಪ್ರಿಡಿಕ್ಟರ್ ಅನ್ನೋದನ್ನ ಕೆಂಪು ಅಕ್ಷರದಲ್ಲಿ ದಪ್ಪಗೆ ಅಚ್ಚು ಹಾಕಿಸಿದ್ದರು. ದಾಖಲೆ ಕೆಲಸ ಕೆಳಗೆ ಎಲ್ಲೋ ಇತ್ತು.

ನಾನು ಕೌಲ್ ಬಜಾರ್ ಕಡೆ ಮನೆಯಲ್ಲೇ ಮಿಷನ್ ಇಟ್ಟುಕೊಂಡು ಜೀನ್ಸ್ ಜಾಬ್ ವರ್ಕ್ ಮಾಡಿಸುವವಳು. ನಮ್ಮ ಧಂದೆಯಲ್ಲಿ ಒಂದು ಪ್ಯಾಂಟಿಗೆ ಒಂದೇ ರೇಟು ಅಂತ ಯಾರೂ ಮಾತಾಡುವುದಿಲ್ಲ. ಕಟಿಂಗ್‌ಗೆ ಇಷ್ಟು, ಹೊಲಿಗೆಗೆ ಇಷ್ಟು, ಕಾಜಾ ಗುಂಡಿಗೆ ಇಷ್ಟು, ವಾಷಿಂಗ್‌ಗೆ ಇಷ್ಟು. ಈ ಪ್ಯಾಕೇಜನ್ನೂ ಹಾಗೇ ಬಿಚ್ಚಿ ಬೆಲೆ ಕಟ್ಟುತ್ತೇನೆ.

ದಾಖಲೆ ಕೆಲಸದಿಂದಲೇ ಶುರು ಮಾಡೋಣ, ಯಾಕೆಂದರೆ ಅಲ್ಲೇ ಇರುವುದು ಸತ್ವ.

ಸೆಂಟರಿನ ಡೆಸ್ಕಿನಲ್ಲಿ ಕುಷ್ಟಗಿ ಕಡೆಯ ಒಬ್ಬ ಮೇಡಂ ಇದ್ದರು. ವಯಸ್ಸು ಮೂವತ್ತರೊಳಗೆ. ಅವರ ಮುಂದೆ ಕಂಪ್ಯೂಟರ್ ಇದ್ದರೂ ಮೊದಲು ಕೈಗೆ ತಗೊಳ್ಳುವುದು ಪೆನ್ಸಿಲ್ಲು. ಮಗಳ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನೂ ಜಾತಿ ಪ್ರಮಾಣಪತ್ರವನ್ನೂ ಪಕ್ಕಪಕ್ಕ ಇಟ್ಟು ಒಂದೊಂದೇ ಅಕ್ಷರದ ಮೇಲೆ ಪೆನ್ಸಿಲ್ ತುದಿ ಓಡಿಸಿದರು. ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಹೆಸರಿನ ಹಿಂದೆ ಇದೆ, ಜಾತಿ ಪತ್ರದಲ್ಲಿ ಹೆಸರಿನ ಮುಂದೆ. ನಮಗೆ ಅದು ಕಾಣಿಸಿಯೇ ಇರಲಿಲ್ಲ.

"ಅಕ್ಕಾ, ಇದನ್ನ ಈಗಲೇ ನಾಡಕಚೇರಿಯಲ್ಲಿ ಸರಿ ಮಾಡಿಸಿಬಿಡ್ರಿ. ಅರ್ಜಿಯಲ್ಲಿ ಹಾಕೋದು ಜಾತಿ ಪತ್ರದ ಮೇಲಿನ ಈ ಆರ್‌ಡಿ ನಂಬರ್. ಹೆಸರು ತಾಳೆ ಆಗಲಿಲ್ಲ ಅಂದ್ರೆ ವೆರಿಫಿಕೇಶನ್ ಟೈಮಿನಲ್ಲಿ ಓಡಾಟ ನಿಮಗೇ," ಅಂದರು.

ಆಮೇಲೆ ಕೇಳಿದ್ದು, "ಹತ್ತನೇ ತನಕ ಯಾವ ಮೀಡಿಯಂ?" ಮಗಳು ಸರ್ಕಾರಿ ಕನ್ನಡ ಶಾಲೆ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಸೀಟಿನಲ್ಲಿ ಶೇ 5 ಮೀಸಲು ಇದೆ, ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಶೇ 15. ನಾವು ಸಿಟಿಯವರು, ಹಾಗಾಗಿ ಗ್ರಾಮೀಣದ್ದು ಸಿಗುವುದಿಲ್ಲ. ಕನ್ನಡ ಮಾಧ್ಯಮದ್ದು ಸಿಗುತ್ತದೆ. ಕನ್ನಡ ಶಾಲೆಗೆ ಹಾಕಿದ್ದಕ್ಕೆ ನೆಂಟರಿಷ್ಟರ ಕೈಯಲ್ಲಿ ಎಷ್ಟೋ ವರ್ಷ ಮಾತು ಕೇಳಿದವಳು ನಾನು. ಅವತ್ತು ಸ್ವಲ್ಪ ಬೀಗಿದೆ ಅಂತಲೇ ಇಟ್ಟುಕೊಳ್ಳಿ.

ಮೂರನೆಯದು ನಮ್ಮ ಭಾಗದವರು ಯಾರೂ ಬಿಡಬಾರದ ಕಾಗದ: 371(ಜೆ). ಸಂವಿಧಾನಕ್ಕೆ 98ನೇ ತಿದ್ದುಪಡಿ ಆಗಿ ಬಂದದ್ದು. 2013ರ ಆದೇಶದ ಪ್ರಕಾರ ನಮ್ಮ ಹೈದರಾಬಾದ್ ಕರ್ನಾಟಕದ, ಈಗಿನ ಹೆಸರಲ್ಲಿ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70 ಸೀಟು ಇಲ್ಲಿಯ ಮಕ್ಕಳಿಗೆ. ಈ ಭಾಗದ ಹೊರಗೆ, ಬೆಂಗಳೂರು ಮೈಸೂರು ಕಡೆ, ಶೇ 8. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಹೊಸದಾಗಿ ಆದ ವಿಜಯನಗರ, ಇಷ್ಟು ಜಿಲ್ಲೆಗೆ ಅನ್ವಯ. ಆದರೆ ಬಳ್ಳಾರಿಯಲ್ಲಿ ಹುಟ್ಟಿದ ಮಾತ್ರಕ್ಕೆ ತಾನಾಗಿ ಸಿಗುವುದಿಲ್ಲ. ಉಪವಿಭಾಗಾಧಿಕಾರಿ ಕೊಡುವ ಅರ್ಹತಾ ಪ್ರಮಾಣಪತ್ರ ಬೇಕು. ಅದಕ್ಕೆ ಅರ್ಜಿ, ಅದರ ಹಿಂದೆ ಶಾಲೆಯ ಪತ್ರ, ರೇಷನ್ ಕಾರ್ಡು, ನಮ್ಮ ಯಜಮಾನರ ಹಳೇ ಕಾಗದಗಳು. ಮೇಡಂ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು, "ರ್‍ಯಾಂಕ್ ಬಂದ ಮೇಲೆ ಹೋಗ್ತೀವಿ ಅಂತ ಕೂತ್ಕೋಬೇಡ್ರಿ, ಆಗ ಇಡೀ ಜಿಲ್ಲೆ ಅಲ್ಲೇ ನಿಂತಿರುತ್ತೆ," ಅಂದರು. ನಾವು ಚಳಿಗಾಲದಲ್ಲೇ ಹೋಗಿ ಮಾಡಿಸಿದೆವು.

ಈ ಕೆಲಸಕ್ಕೆ ನಾನು ಕಟ್ಟುವ ಬೆಲೆ 1,500 ರೂಪಾಯಿ. ಖುಷಿಯಿಂದಲೇ ಕೊಡುತ್ತೇನೆ.

ಇನ್ನು ಅಂಕದ ವಿಷಯ. ಸೆಂಟರಿನ ಗೋಡೆಗೆ ಒಂದು ಬ್ಯಾನರ್ ಇತ್ತು, ಪಿಯುಸಿ ಪಾಸಾದರೆ ಸಾಕು, ಆಟ ಇರುವುದು ಸಿಇಟಿಯಲ್ಲಿ ಅನ್ನುವ ಅರ್ಥದ್ದು. ಅದನ್ನು ನೋಡಿ ಎಷ್ಟು ಹುಡುಗರು ಫೆಬ್ರವರಿ ಮಾರ್ಚ್‌ನಲ್ಲಿ ಪಿಯುಸಿ ಪುಸ್ತಕ ಮುಚ್ಚಿಟ್ಟರೋ ದೇವರೇ ಬಲ್ಲ. ಎಂಜಿನಿಯರಿಂಗ್‌ಗೆ ಅದು ಸುಳ್ಳು. ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರರ ಅಂಕಕ್ಕೆ ಅರ್ಧ ತೂಕ, ಸಿಇಟಿಯ ಅದೇ ಮೂರು ಪೇಪರಿಗೆ ಅರ್ಧ ತೂಕ. ಪಾಸಾದರೆ ಸಾಕು ಅನ್ನುವುದೂ ಸರಿಯಿಲ್ಲ. ಆ ಮೂರು ವಿಷಯದಲ್ಲಿ ಸಾಮಾನ್ಯ ವರ್ಗಕ್ಕೆ ಶೇ 45, ಮೀಸಲಾತಿಯವರಿಗೆ ಶೇ 40 ಇದ್ದರೇನೇ ಅರ್ಹತೆ.

ಫಲಿತಾಂಶ ಬಂದ ಮೇಲೆ ಡೆಸ್ಕ್ ಮೇಡಂ ಮಗಳನ್ನು ಎದುರಿಗೆ ಕೂರಿಸಿ ಲೆಕ್ಕ ಹಾಕಿ ತೋರಿಸಿದರು. ಪಿಯುಸಿಯಲ್ಲಿ ಗಣಿತ 91, ಭೌತಶಾಸ್ತ್ರ 84, ರಸಾಯನಶಾಸ್ತ್ರ 88. ಕೂಡಿದರೆ 300ಕ್ಕೆ 263, ಅಂದರೆ ಶೇ 87.67. ಅದರ ಅರ್ಧ 43.83. ಸಿಇಟಿಯಲ್ಲಿ ಒಂದೊಂದು ಪೇಪರಿಗೆ 60, ಮೂರಕ್ಕೆ 180. ಮಗಳದು 73, ಅಂದರೆ ಶೇ 40.56. ಅರ್ಧ 20.28. ಎರಡೂ ಸೇರಿ 64.11. ರ್‍ಯಾಂಕ್ ಪಟ್ಟಿಯಲ್ಲಿ ಇವಳ ಜಾಗ ತೀರ್ಮಾನ ಮಾಡುವುದು ಈ 64.11.

ಅವಳ ಜೊತೆ ಟ್ಯೂಷನ್‌ಗೆ ಬರುತ್ತಿದ್ದ ಒಬ್ಬ ಹುಡುಗ ಇದ್ದ. ಪಿಯುಸಿಯಲ್ಲಿ ಆ ಮೂರಕ್ಕೆ 225 ಮಾತ್ರ. ಬೀದಿಯವರೆಲ್ಲ ಅವನಿಗೆ ಸೀಟು ಕಷ್ಟ ಅಂತಿದ್ದರು. ಸಿಇಟಿಯಲ್ಲಿ 96 ತೆಗೆದ. ಲೆಕ್ಕ ಹಾಕಿದರೆ 37.5 ಮತ್ತು 26.67, ಒಟ್ಟು 64.17. ನಮ್ಮವಳಿಗಿಂತ ಕೂದಲೆಳೆ ಮುಂದೆ! ಪಿಯುಸಿಯಲ್ಲಿ 38 ಅಂಕ ಹಿಂದಿದ್ದವನು ಸಿಇಟಿಯ 23 ಅಂಕದಲ್ಲಿ ದಾಟಿಕೊಂಡ. ಮೇಡಂ ಅದನ್ನೇ ಚಿಕ್ಕದಾಗಿ ಹೇಳಿಕೊಟ್ಟರು: ಸಿಇಟಿಯ 3 ಅಂಕ ಅಂದರೆ ಪಿಯುಸಿಯ 5 ಅಂಕ. ಹಾಗಾಗಿ ಸಿಇಟಿಯ ಒಂದೊಂದು ಅಂಕ ದುಬಾರಿ ಅನ್ನುವುದು ನಿಜ. ಆದರೆ ಪಿಯುಸಿಯಲ್ಲಿ 20 ಅಂಕ ಜಾಸ್ತಿ ತೆಗೆಯುವುದಕ್ಕೂ ಸಿಇಟಿಯಲ್ಲಿ 12 ಜಾಸ್ತಿ ತೆಗೆಯುವುದಕ್ಕೂ ಯಾವುದು ಸುಲಭ? ನಮ್ಮ ಹುಡುಗಿಯಂಥವರಿಗೆ, ಕೂತು ಬರೆಯುವ ಅಭ್ಯಾಸ ಇರುವವರಿಗೆ, ಪಿಯುಸಿಯೇ ಸುಲಭ. ಗಣಿತದಲ್ಲಿ 20 ಇಂಟರ್ನಲ್, ಭೌತಶಾಸ್ತ್ರ ರಸಾಯನಶಾಸ್ತ್ರದಲ್ಲಿ 30 ಪ್ರಾಕ್ಟಿಕಲ್. ಅವು ಕೈಗೆ ಸಿಗುವ ಅಂಕ. ಅದನ್ನು ಬಿಡಿ ಅಂತ ಬ್ಯಾನರ್ ಹಾಕುವವರನ್ನು ಏನನ್ನಬೇಕು?

ಇನ್ನೊಂದು ಗಮ್ಮತ್ತು. ಮಗಳಿಗೆ ಕನ್ನಡದಲ್ಲಿ 98 ಬಂದಿತ್ತು. ಮನೆಗೆ ಬಂದವರಿಗೆಲ್ಲ ಅವರಜ್ಜಿ ಮೊದಲು ಹೇಳುವುದೇ ಅದನ್ನು. ಆದರೆ ಎಂಜಿನಿಯರಿಂಗ್ ರ್‍ಯಾಂಕಿಗೆ ಕನ್ನಡ, ಇಂಗ್ಲಿಷ್ ಅಂಕ ಲೆಕ್ಕಕ್ಕೇ ಇಲ್ಲ. "ಒಟ್ಟು ಎಷ್ಟು ಪರ್ಸೆಂಟ್?" ಅಂತ ಊರವರು ಕೇಳುವ ಪ್ರಶ್ನೆಗೂ ಸೀಟಿಗೂ ಸಂಬಂಧ ಕಡಿಮೆ.

ಹಾಗಂತ ಎಲ್ಲ ಕೋರ್ಸಿಗೂ ಇದೇ ಲೆಕ್ಕ ಅಲ್ಲ. ಸೆಂಟರಿನವರು ಎಡವಿದ್ದು ಇಲ್ಲೇ. ನಮ್ಮ ಪಕ್ಕ ಕೂತಿದ್ದ ಸಿರುಗುಪ್ಪದ ಒಬ್ಬ ತಂದೆ ಮಗನನ್ನು ಡಾಕ್ಟರ್ ಮಾಡಬೇಕು ಅಂತ ಬಂದಿದ್ದರು. ಅವರಿಗೂ ಇದೇ ಪಿಯುಸಿ ಸಿಇಟಿ ಪ್ಯಾಕೇಜ್ ಕಟ್ಟಿದ್ದರು. ಎಂಬಿಬಿಎಸ್‌ಗೆ ನೀಟ್ ಅಂಕ ಒಂದೇ, 720ಕ್ಕೆ. ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಸೇರಿ ಸಾಮಾನ್ಯ ವರ್ಗಕ್ಕೆ ಶೇ 50, ಮೀಸಲಾತಿಯವರಿಗೆ ಶೇ 40 ಇದ್ದರೆ ಆಯಿತು, ಅದು ಬಾಗಿಲು ದಾಟಲು ಮಾತ್ರ. 55 ಬಂದವನಿಗೂ 95 ಬಂದವನಿಗೂ ಅಲ್ಲಿ ವ್ಯತ್ಯಾಸ ಇಲ್ಲ. ಮೇಲಾಗಿ ನೀಟ್‌ನಲ್ಲಿ ತಪ್ಪಿಗೆ ಒಂದು ಅಂಕ ಕಳೆಯುತ್ತಾರೆ, ಸಿಇಟಿಯಲ್ಲಿ ಕಳೆಯುವುದಿಲ್ಲ. ಸಿಇಟಿಯಲ್ಲಿ ಗೊತ್ತಿಲ್ಲದ್ದಕ್ಕೂ ಉತ್ತರದ ಹಾಳೆಯಲ್ಲಿ ಒಂದು ವೃತ್ತ ತುಂಬಿ ಬಾ ಅಂತ ಹೇಳಬೇಕು, ನೀಟ್‌ಗೆ ಹೋಗುವವನಿಗೆ ಅದೇ ಮಾತು ಹೇಳಿದರೆ ಮುಳುಗಿದ. ಅಷ್ಟು ಬೇರೆ ಬೇರೆ ಆಟಕ್ಕೆ ಒಂದೇ ಪಾಂಪ್ಲೆಟ್ಟು.

ರಾಯಚೂರಿನಲ್ಲಿ ನಮ್ಮಣ್ಣನ ಮಗ ಇದ್ದಾನೆ, ಅವನಿಗೆ ಊರಲ್ಲೇ ಇರುವ ಟ್ರಿಪಲ್ ಐಟಿ ಮೇಲೆ ಕಣ್ಣು. ಅಲ್ಲಿಗೆ ಸಿಇಟಿ ನಡೆಯುವುದಿಲ್ಲ, ದೇಶಮಟ್ಟದ ಪ್ರವೇಶ ಪರೀಕ್ಷೆ ಜೆಇಇ ಮೇನ್ ರ್‍ಯಾಂಕ್ ಬೇಕು. ಪಿಯುಸಿಯಲ್ಲಿ ಶೇ 75 ದಾಟಿರಬೇಕು ಅಥವಾ ಬೋರ್ಡಿನ ಮೇಲಿನ 20 ಪರ್ಸೆಂಟೈಲ್‌ನಲ್ಲಿ ಇರಬೇಕು, ಪರಿಶಿಷ್ಟರಿಗೆ ಶೇ 65. ಅವನಿಗೆ ಪಿಯುಸಿಯ ಭಾಷೆಯ ಅಂಕವೂ ಲೆಕ್ಕಕ್ಕೆ ಬರುತ್ತದೆ ನೋಡಿ, ನಮ್ಮವಳಿಗೆ ಬರದೇ ಹೋದದ್ದು. ಪಕ್ಕದ ಮನೆ ಹುಡುಗ ಪಾಲಿಟೆಕ್ನಿಕ್‌ಗೆ ಹೋದ, ಅವನಿಗೆ ಎಸ್ಸೆಸ್ಸೆಲ್ಸಿ ಅಂಕವೇ ಸಾಕಾಯಿತು. ಬಿಎ, ಬಿಕಾಂಗೆ ಪಿಯುಸಿ ಅಂಕ. ಇವಿಷ್ಟನ್ನು ಯಾವ ಪಿಯು ಕಾಲೇಜಿನ ಉಪನ್ಯಾಸಕರಾದರೂ ಹತ್ತು ನಿಮಿಷದಲ್ಲಿ ಹೇಳಿಕೊಡುತ್ತಾರೆ. ಆದರೂ ಮೇಡಂ ಕೂತು ಲೆಕ್ಕ ಬಿಡಿಸಿದ್ದಕ್ಕೆ 500 ರೂಪಾಯಿ ಹಾಕುತ್ತೇನೆ. ಮಗಳಿಗೆ ಅವತ್ತಿನಿಂದ ಧೈರ್ಯ ಬಂತು.

ಈಗ ಕೆಂಪಕ್ಷರದ ಪ್ರಿಡಿಕ್ಟರ್. ಅಂಕ ಒತ್ತಿದರೆ ರ್‍ಯಾಂಕ್ ಹೇಳುತ್ತದೆ, ರ್‍ಯಾಂಕ್ ಒತ್ತಿದರೆ ಕಾಲೇಜು ಹೇಳುತ್ತದೆ. ಬಣ್ಣಬಣ್ಣದ ಪ್ರಿಂಟ್ ಕೊಡುತ್ತಾರೆ, ಹಸಿರು ಅಂದರೆ ಖಾತ್ರಿ, ಹಳದಿ ಅಂದರೆ ಇರಬಹುದು, ಕೆಂಪು ಅಂದರೆ ಇಲ್ಲ. ನಮ್ಮ ಪ್ರಿಂಟಿನಲ್ಲಿ ಬಳ್ಳಾರಿಯ ಕಾಲೇಜುಗಳೇ ಹಳದಿಯಲ್ಲಿ ಇದ್ದವು! ಮಗಳು ಅದನ್ನು ನೋಡಿ ಮಂಕಾಗಿ ಕೂತಳು. ನನಗೆ ಅನುಮಾನ ಬಂದು ಮೇಡಂ ಹತ್ತಿರ ತಗೊಂಡು ಹೋದೆ. ಅವರು ಒಂದೇ ನೋಟಕ್ಕೆ ಹಿಡಿದರು. ಆ ಸಾಫ್ಟ್‌ವೇರ್ ನೋಡಿದ್ದು ರಾಜ್ಯದ ಸಾಮಾನ್ಯ ಕಟಾಫ್ ಮಾತ್ರ (ಕಟಾಫ್ ಅಂದರೆ ಒಂದು ಕೋರ್ಸಿನ ಕೊನೆಯ ಸೀಟು ಸಿಕ್ಕ ರ್‍ಯಾಂಕ್). ನಮ್ಮದು ಹಿಂದುಳಿದ ವರ್ಗದ 2ಎ, ಅದರಲ್ಲೂ 2ಎಜಿ ಅನ್ನುವ, ಅಂದರೆ ಆ ವರ್ಗದ ಸಾಮಾನ್ಯ ಸೀಟಿನ, ಒಂದೇ ಸಾಲು ಹಿಡಿದಿತ್ತು. ಕನ್ನಡ ಮಾಧ್ಯಮದ 2ಎಕೆ ಸಾಲು ನೋಡಿಲ್ಲ. ಹೈದರಾಬಾದ್ ಕರ್ನಾಟಕದ ಕಟಾಫ್‌ಗೆ ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದವರು ಬೇರೆ ಪಟ್ಟಿಯನ್ನೇ ಹಾಕುತ್ತಾರೆ, ಅದನ್ನು ತೆರೆದೇ ಇಲ್ಲ. ಬಳ್ಳಾರಿಯಲ್ಲಿ ಅಂಗಡಿ ತೆರೆದು ಬಳ್ಳಾರಿ ಮಕ್ಕಳಿಗೆ ಮಾರುವ ಸಾಫ್ಟ್‌ವೇರಿಗೆ 371(ಜೆ) ಗೊತ್ತಿಲ್ಲ ಅಂದರೆ ಹೇಗೆ ಹೇಳಿ?

ರ್‍ಯಾಂಕ್ ಅಂದಾಜಿನ ಕಥೆಯೂ ಅಷ್ಟೇ. ಅದು 2024ರ ಅಂಕ ರ್‍ಯಾಂಕ್ ಹಿಡಿದು ಹೇಳುತ್ತಿತ್ತು. 2024ರ ಏಪ್ರಿಲ್‌ನಲ್ಲಿ ಆದ ಗಲಾಟೆ ನೆನಪಿರಬೇಕು, ಪಠ್ಯದ ಹೊರಗಿನ ಪ್ರಶ್ನೆ ಕೇಳಿದರು ಅಂತ. ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಟ್ಟರು. ಆ ವರ್ಷ ಇಷ್ಟು ಅಂಕಕ್ಕೆ ಇಷ್ಟು ರ್‍ಯಾಂಕ್ ಬಂತು ಅಂತ ಈ ವರ್ಷದ ಮಗುವಿಗೆ ಹೇಳಿದರೆ ಪ್ರಯೋಜನ ಏನು? ಅದಕ್ಕೂ ಹಿಂದೆ 2021ರಲ್ಲಿ ಕೊರೊನಾದಿಂದ ಪಿಯುಸಿ ಪರೀಕ್ಷೆಯೇ ನಡೆಯಲಿಲ್ಲ, ಬರೀ ಸಿಇಟಿ ಅಂಕದ ಮೇಲೆ ರ್‍ಯಾಂಕ್ ಕೊಟ್ಟರು. ಪೇಪರ್ ಕಷ್ಟವೋ ಸುಲಭವೋ, ಬರೆದವರೆಷ್ಟು, ಪಿಯುಸಿ ಫಲಿತಾಂಶ ಹೇಗೆ, ಎಲ್ಲದರ ಮೇಲೆ ರ್‍ಯಾಂಕ್ ಏರುತ್ತೆ ಇಳಿಯುತ್ತೆ. ಕಳೆದ ಎರಡು ಮೂರು ವರ್ಷದ ಕಟಾಫ್ ಪಟ್ಟಿ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಪುಕ್ಕಟೆ ಇದೆ. ಅದನ್ನು ಇಟ್ಟುಕೊಂಡು ಬೆರಳಿನಲ್ಲಿ ಸಾಲು ಹಿಡಿದು ನೋಡಿದರೆ ಇದಕ್ಕಿಂತ ಚೆನ್ನಾಗಿ ಗೊತ್ತಾಗುತ್ತದೆ. ಪ್ರಿಡಿಕ್ಟರ್‌ಗೆ ನನ್ನ ಬೆಲೆ ಸೊನ್ನೆ. ಪ್ರಿಂಟಿನ ಹಿಂಬದಿಯಲ್ಲಿ ನಾನು ಈಗ ವಾಷಿಂಗ್ ಯೂನಿಟ್‌ಗೆ ಹೋದ ಮಾಲಿನ ಲೆಕ್ಕ ಬರೆಯುತ್ತಿದ್ದೇನೆ.

ಸೀನಿಯರ್ ಕೌನ್ಸೆಲರ್ ಬಗ್ಗೆ ಜಾಸ್ತಿ ಬರೆಯುವ ಮನಸ್ಸಿಲ್ಲ. ಟೈ ಕಟ್ಟಿದ ಒಬ್ಬ ಸಾರ್ ಪರದೆಯ ಮೇಲೆ ಬಂದರು. ಮಗಳ ಅಂಕ ಪಟ್ಟಿ ಅವರ ಮುಂದೆ ಇದ್ದ ಹಾಗೆ ಕಾಣಲಿಲ್ಲ, ಯಾಕೆಂದರೆ ಎರಡು ಸಲ ಅವಳಿಗೆ ಯಾವ ಕಾಂಬಿನೇಷನ್ ಅಂತ ಕೇಳಿದರು. ಪಿಸಿಎಂಬಿ ಅಂದಳು. ಬಯಾಲಜಿ ಇದೆ ಅಂದಮೇಲೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಬಿಎಸ್ಸಿ ಅಗ್ರಿ ಬಗ್ಗೆ ಒಂದು ಮಾತಾದರೂ ಬರಬೇಕಿತ್ತು, ಅಲ್ವಾ? ನಮ್ಮ ಕಡೆ ಹೊಲ ಇರುವವರ ಮಕ್ಕಳಿಗೆ ಕೃಷಿಕರ ಕೋಟಾ ಇದೆ, ಅದಕ್ಕೆ ಬೇರೆ ಪ್ರಾಯೋಗಿಕ ಪರೀಕ್ಷೆ ಇದೆ. ಒಂದೂ ಹೇಳಲಿಲ್ಲ. ಹತ್ತು ನಿಮಿಷ ಆಗುವಷ್ಟರಲ್ಲಿ ಮಾತು ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದ ಕಡೆ ತಿರುಗಿತು. ಸಿಇಟಿ ರ್‍ಯಾಂಕ್ ಕಾಯುವುದೇ ಬೇಡ, ನಮ್ಮ ಲಿಂಕ್‌ನಲ್ಲಿ ಅರ್ಜಿ ಹಾಕಿ, ಸ್ಕಾಲರ್‌ಶಿಪ್ ಕೊಡಿಸುತ್ತೇವೆ, ಈ ವಾರದಲ್ಲೇ ಸೀಟ್ ಬ್ಲಾಕ್ ಮಾಡಿ ಅಂತ. ಶುಲ್ಕ ಕೇಳಿದೆ. ಅವರು ಹೇಳಿದ ಮೊತ್ತಕ್ಕೆ ನಾನು ಎರಡು ಹೊಸ ಓವರ್‌ಲಾಕ್ ಮಿಷನ್ ಹಾಕಿಸಿ ಇನ್ನೂ ಉಳಿಸಬಹುದಿತ್ತು. ಅದೂ ಒಂದು ವರ್ಷದ್ದು.

ಮಗಳು ಕೇಳಿದಳು, "ಸಾರ್, ನನಗೆ ಎಸ್‌ಎನ್‌ಕ್ಯೂ ಸಿಗಬಹುದಾ?" ಮನೆಯ ವರಮಾನ 8 ಲಕ್ಷದೊಳಗೆ ಇರುವವರಿಗೆ ಬೋಧನಾ ಶುಲ್ಕ ಮಾಫಿ ಇರುವ ಹೆಚ್ಚುವರಿ ಶೇ 5 ಸೀಟು ಅದು. ಅದನ್ನು ಅವಳಿಗೆ ಹೇಳಿಕೊಟ್ಟಿದ್ದು ಡೆಸ್ಕ್ ಮೇಡಂ. ಸಾರ್ ಅದು ಬಹಳ ಕಷ್ಟ ಅಂತ ಕೈ ಆಡಿಸಿ ಮತ್ತೆ ತಮ್ಮ ಲಿಂಕಿಗೇ ಬಂದರು. ನಾವು ದುಡ್ಡು ಕೊಟ್ಟು ಜಾಹೀರಾತು ನೋಡಿದ ಹಾಗಾಯಿತು. ಈ ಬಾಬತ್ತಿಗೆ ಅವರೇ ನನಗೆ ಕೊಡಬೇಕು.

ಆಪ್ಷನ್ ಎಂಟ್ರಿ ಹತ್ತಿರ ಬಂದಾಗ ಸೆಂಟರಿನವರು ಒಂದು ಸಿದ್ಧಪಟ್ಟಿ ಕೊಟ್ಟರು. ಎಲ್ಲರಿಗೂ ಅದೇ ಪಟ್ಟಿ ಅಂತ ನನ್ನ ಗುಮಾನಿ. ಮೇಲಿನಿಂದ ಕೆಳಗಿನ ತನಕ ಬರೀ ಕಂಪ್ಯೂಟರ್ ಸೈನ್ಸು, ಮೊದಲು ಬೆಂಗಳೂರಿನ ದೊಡ್ಡ ಕಾಲೇಜು, ಆಮೇಲೆ ಬೆಂಗಳೂರಿನ ಸುತ್ತಮುತ್ತ ಹೆಸರೇ ಕೇಳಿರದ ಕಾಲೇಜುಗಳು, ಎಲ್ಲ ಮುಗಿದ ಮೇಲೆ ಕಾಟಾಚಾರಕ್ಕೆ ಬಳ್ಳಾರಿಯ ಬಿಐಟಿಎಂ, ಆರ್‌ವೈಎಂಇಸಿ, ಹೊಸಪೇಟೆಯ ಪಿಡಿಐಟಿ, ಕಲಬುರಗಿಯ ಪಿಡಿಎ.

ಈ ಪಟ್ಟಿ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ತಿಳಿಯದಿದ್ದರೆ ಒಳ್ಳೇ ಅಂಕ ಬಂದರೂ ಸೀಟು ಕೈತಪ್ಪುತ್ತದೆ. ಕಂಪ್ಯೂಟರ್ ಮೇಲಿನಿಂದ ಶುರು ಮಾಡುತ್ತದೆ. ನಿಮ್ಮ ರ್‍ಯಾಂಕಿಗೆ, ನಿಮ್ಮ ವರ್ಗಕ್ಕೆ ಮೊದಲು ಯಾವುದು ಸಿಗುತ್ತದೋ ಅಲ್ಲಿ ನಿಂತುಬಿಡುತ್ತದೆ. ಅದರ ಕೆಳಗೆ ಬರೆದದ್ದೆಲ್ಲ ಅಲ್ಲಿಗೆ ರದ್ದು. ಮುಂದಿನ ಸುತ್ತಿನಲ್ಲೂ ನೋಡುವುದು ಸಿಕ್ಕಿದ್ದಕ್ಕಿಂತ ಮೇಲಿನವನ್ನು ಮಾತ್ರ. ಹಾಗಾಗಿ ಸಿಗಲಾರದು ಅನ್ನಿಸಿದರೂ ಆಸೆ ಇರುವ ಕಾಲೇಜನ್ನು ಮೇಲೆ ಬರೆಯುವುದರಲ್ಲಿ ನಷ್ಟ ಇಲ್ಲ. ಹೋಗಲು ಮನಸ್ಸಿಲ್ಲದ್ದನ್ನು ಮನಸ್ಸಿರುವುದರ ಮೇಲೆ ಬರೆದರೆ ಮಾತ್ರ ಕೆಟ್ಟಿತು. ಸೆಂಟರಿನ ಪಟ್ಟಿಯಲ್ಲಿ ಆಗಿದ್ದು ಅದೇ.

ಮೇಡಂ ಮಗಳ ಕೈಗೆ ಪೆನ್ಸಿಲ್ ಕೊಟ್ಟರು. ಸಿದ್ಧಪಟ್ಟಿಯ ಒಂದೊಂದು ಸಾಲು ತೋರಿಸಿ ಒಂದೇ ಪ್ರಶ್ನೆ: "ಇದು ಸಿಕ್ತು, ಬಳ್ಳಾರಿಯ ಇ ಅಂಡ್ ಸಿ ಸಿಗಲಿಲ್ಲ. ಹೋಗ್ತೀಯಾ?" (ಇ ಅಂಡ್ ಸಿ ಅಂದರೆ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್.) ಬೆಂಗಳೂರಿನ ಹಳೇ ಸರ್ಕಾರಿ ಯುವಿಸಿಇಗೆ ಹೂಂ ಅಂದಳು. ಒಂದೆರಡು ದೊಡ್ಡ ಕಾಲೇಜಿಗೆ ಹೂಂ. ಆಮೇಲೆ ಬಂದ ಊರಾಚೆಯ ಕಾಲೇಜುಗಳಿಗೆ ನನ್ನ ಮುಖ ನೋಡಿದಳು. ಹಾಸ್ಟೆಲು, ಬಸ್ಸು, ಊಟ ಎಲ್ಲ ಸೇರಿಸಿದರೆ ವರ್ಷಕ್ಕೆ ಎಷ್ಟು ಅಂತ ಅವಳಿಗೂ ಗೊತ್ತು. ನಾನು ಬಾಯಿ ಬಿಡಲಿಲ್ಲ. ಅವಳೇ ಅಡ್ಡಗೆರೆ ಎಳೆದಳು. ಎಳೆಯುತ್ತಾ ಹೋದಂತೆ ಕೈ ಜೋರಾಯಿತು, ಕೊನೆಕೊನೆಗೆ ಹೆಸರು ಓದುವ ಮೊದಲೇ ಗೆರೆ ಬೀಳುತ್ತಿತ್ತು. ಉಳಿದದ್ದು ಅರ್ಧ ಪಟ್ಟಿ. ಅದರಲ್ಲಿ ಬಳ್ಳಾರಿಯ ಎರಡೂ ಕಾಲೇಜಿನ ಕಂಪ್ಯೂಟರ್ ಸೈನ್ಸ್, ಇ ಅಂಡ್ ಸಿ ಮಧ್ಯಕ್ಕೆ ಬಂದವು. ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳನ್ನು, ರಾಯಚೂರು, ಗಂಗಾವತಿ, ಹೂವಿನಹಡಗಲಿ, ಅವರ ಪಟ್ಟಿಯಲ್ಲಿ ಹಾಕಿಯೇ ಇರಲಿಲ್ಲ, ಅವನ್ನು ಕೆಳಗೆ ಸೇರಿಸಿದೆವು.

ಅಣಕು ಸೀಟು ಹಂಚಿಕೆ, ಅಂದರೆ ಮಾಕ್ ಅಲಾಟ್‌ಮೆಂಟ್, ಬಂದ ಮೇಲೆ ಇನ್ನೊಂದು ಸಲ ಅದಲು ಬದಲು ಮಾಡಲು ಅವಕಾಶ ಕೊಡುತ್ತಾರೆ. ಈ ಹಂತದಲ್ಲಿ ಸೆಂಟರಿನ ಫೋನ್ ಎತ್ತುವವರೇ ಇಲ್ಲ. ಎಲ್ಲರೂ ಒಟ್ಟಿಗೆ ಫೋನ್ ಮಾಡುತ್ತಾರೆ, ಅವರು ನಾಲ್ಕೇ ಜನ. ದುಡ್ಡು ತಗೊಳ್ಳುವಾಗ ಈ ಲೆಕ್ಕ ಹಾಕಬೇಕಿತ್ತು. ಮೇಡಂ ರಾತ್ರಿ ಮನೆಯಿಂದ ವಾಟ್ಸಾಪ್‌ನಲ್ಲಿ ಉತ್ತರ ಕೊಟ್ಟರು, ಅದು ಅವರ ಒಳ್ಳೇತನ, ಪ್ಯಾಕೇಜಲ್ಲ.

ಮೊದಲ ಸುತ್ತಿನಲ್ಲಿ ಬಳ್ಳಾರಿಯಲ್ಲೇ ಇ ಅಂಡ್ ಸಿ ಬಂತು, ಪ್ರಿಡಿಕ್ಟರ್ ಹಳದಿ ಬಳಿದಿದ್ದ ಕಾಲೇಜಿನಲ್ಲೇ. ಈಗ ನಾಲ್ಕು ದಾರಿ. ಚಾಯ್ಸ್ 1 ಅಂದರೆ ಒಪ್ಪಿದೆ, ಸೇರುತ್ತೇನೆ. 2 ಅಂದರೆ ಇದು ಇರಲಿ, ಮೇಲಿನದು ಸಿಕ್ಕರೆ ಅದನ್ನು ಕೊಡಿ. 3 ಅಂದರೆ ಇದು ಬೇಡ, ಮುಂದಿನ ಸುತ್ತಿಗೆ ಬಿಡಿ. 4 ಅಂದರೆ ನನ್ನನ್ನು ಬಿಟ್ಟುಬಿಡಿ. ಸೀನಿಯರ್ ಸಾರ್ ಕಡೆಯಿಂದ ಒಂದು ಮೆಸೇಜ್ ಬಂತು, ಚಾಯ್ಸ್ 3 ಹಾಕಿ, ಕಂಪ್ಯೂಟರ್ ಸೈನ್ಸ್ ಪಕ್ಕಾ ಅಂತ. ಕೈಯಲ್ಲಿರುವ ಸೀಟನ್ನು ಬಿಟ್ಟುಕೊಟ್ಟು ಕಾಯಬೇಕಂತೆ. ಸಿಗದೇ ಹೋದರೆ? ಆಗ ಅವರ ಲಿಂಕ್ ಇದ್ದೇ ಇದೆಯಲ್ಲ! ಮಗಳು 2 ಒತ್ತಿ ಶುಲ್ಕ ಕಟ್ಟಿದಳು. ಎರಡನೇ ಸುತ್ತಿನಲ್ಲಿ ಮೇಲಿನದು ಯಾವುದೂ ಬರಲಿಲ್ಲ, ಇ ಅಂಡ್ ಸಿಯೇ ಉಳಿಯಿತು. ಅವಳಿಗೆ ಬೇಜಾರಿಲ್ಲ. ನಡೆದು ಹೋಗಿ ಬಸ್ಸು ಹತ್ತಿದರೆ ಕಾಲೇಜು, ಸಂಜೆ ಮನೆ ಊಟ.

ಆಪ್ಷನ್ ಎಂಟ್ರಿಗೆ 1,000 ರೂಪಾಯಿ. ಒಟ್ಟು ಕೂಡಿದರೆ 3,000. ಉಳಿದ 4,500 ಕೆಂಪಕ್ಷರಕ್ಕೂ ಟೈಗೂ ಹೋಯಿತು ಅಂತ ಲೆಕ್ಕ. ಟಾಪ್ 10 ಆಪ್ಷನ್ ಒಳಗೆ ಸೀಟು ಬರದಿದ್ದರೆ ಅರ್ಧ ದುಡ್ಡು ವಾಪಸ್ ಅಂತ ಪಾಂಪ್ಲೆಟ್‌ನಲ್ಲಿ ಇತ್ತು. ಕೇಳಲು ಹೋದೆ. ನಮ್ಮ ಸಿದ್ಧಪಟ್ಟಿಯನ್ನು ನೀವು ಬದಲಾಯಿಸಿದ್ದೀರಿ, ಹಾಗಾಗಿ ಷರತ್ತು ಅನ್ವಯಿಸುವುದಿಲ್ಲ ಅಂದರು. ಅವರ ಪಟ್ಟಿ ಹಾಗೇ ಬಿಟ್ಟಿದ್ದರೆ ಹುಡುಗಿ ಈಗ ಯಾವ ಊರಲ್ಲಿ ಇರುತ್ತಿದ್ದಳೋ. ವಾದ ಮಾಡಿದೆ, ಒಂದಿಷ್ಟು ಜೋರಾಗಿಯೇ ಮಾಡಿದೆ. ಸಾವಿರ ರೂಪಾಯಿ ವಾಪಸ್ ಕೊಟ್ಟರು, ಹೊರಗೆ ಕೂತಿದ್ದವರಿಗೆ ಕೇಳಿಸಬಾರದು ಅಂತ.

ನಿಮ್ಮ ಮನೆಯಲ್ಲಿ ಪಿಯುಸಿ ಓದುವ ಮಗು ಇದ್ದರೆ ಇಂಥಲ್ಲಿಗೆ ಹೋಗಬೇಕಾ ಅಂತ ಕೇಳಿದರೆ, ಡೆಸ್ಕಿನಲ್ಲಿ ಯಾರಿದ್ದಾರೆ ನೋಡಿ ಅಂತ ಹೇಳುತ್ತೇನೆ. ಹೋದ ತಕ್ಷಣ ಎರಡು ಪ್ರಶ್ನೆ ಕೇಳಿ: 371(ಜೆ) ಕಟಾಫ್ ಪಟ್ಟಿ ತೋರಿಸಿ, ಮತ್ತೆ ಪಿಯುಸಿ ಅಂಕ ಸಿಇಟಿ ಅಂಕ ಹೇಗೆ ಕೂಡುತ್ತೀರಿ ಬರೆದು ತೋರಿಸಿ. ಕಾಗದ ಪೆನ್ಸಿಲ್ ಎತ್ತಿಕೊಂಡರೆ ಕೂತ್ಕೊಳ್ಳಿ. ಪ್ರಿಂಟರ್ ಕಡೆ ಕೈ ಚಾಚಿದರೆ ಎದ್ದು ಬನ್ನಿ. ನಾನು ಹೇಳಿದ ಮೇಡಂ ಈಗ ಅಲ್ಲಿಲ್ಲ, ಜುಲೈನಲ್ಲೇ ಬಿಟ್ಟರು. ಈಗ ಕುಷ್ಟಗಿಯಲ್ಲೇ ಸೈಬರ್ ಇಟ್ಟಿದ್ದಾರೆ, ಅರ್ಜಿ ತುಂಬಲು 150 ರೂಪಾಯಿ ತಗೊಳ್ಳುತ್ತಾರಂತೆ. ನಮ್ಮಣ್ಣನ ಮಗನಿಗೆ ಆ ನಂಬರ್ ಕೊಟ್ಟಿದ್ದೇನೆ.